ಬ್ಲೇಡು ಇಳಿಯುವ ಮುಂಚೆ ಎರಡು ಮಾತು

ನನ್ನ ಓರಗಿತ್ತಿಯೂ ನಾನೂ ಆರು ವರ್ಷ ಮಾತು ಬಿಟ್ಟಿದ್ದೆವು ಎಂದು ಬೀದಿಯವರೆಲ್ಲ ಹೇಳುತ್ತಾರೆ. ಅದು ಸುಳ್ಳು. ದಿನಕ್ಕೆ ಹೆಚ್ಚುಕಡಿಮೆ ಇನ್ನೂರು ಸಲ ನಾವು ಮಾತಾಡುತ್ತಿದ್ದೆವು. ನಾನು 'ಕೈ?' ಅನ್ನುತ್ತಿದ್ದೆ, ಅವಳು 'ತೆಗೆದೆ' ಅನ್ನುತ್ತಿದ್ದಳು. ಅಷ್ಟೇ ಮಾತು, ಆದರೆ ಮಾತು ಮಾತೇ ಅಲ್ಲವೇ?

ಇವಳೇನು ಹೇಳುತ್ತಿದ್ದಾಳೆ ಅನ್ನಿಸಿದರೆ ಸ್ವಲ್ಪ ತಾಳಿ. ನಮ್ಮದು ಕಾಗದ ಕತ್ತರಿಸಿಕೊಡುವ ಅಂಗಡಿ. ಗಿರಣಿಯಿಂದ ಕಾಗದ ಸುರುಳಿಯಾಗಿ ಬರುತ್ತದೆ. ಒಂದೊಂದು ಸುರುಳಿಯೂ ನಿಲ್ಲಿಸಿದರೆ ನನ್ನ ಎದೆಯವರೆಗೆ ಬರುತ್ತದೆ, ತಬ್ಬಿದರೆ ಎರಡು ಕೈ ಕೂಡುವುದಿಲ್ಲ. ಹಿಂದಿನ ಕೋಣೆಯಲ್ಲಿ ನಮ್ಮವರು, ಅಂದರೆ ನನ್ನ ಗಂಡ, ಅದನ್ನು ಸರಳಿಗೆ ಏರಿಸಿ, ಬಿಚ್ಚುತ್ತಾ, ಬೇಕಾದ ಅಗಲಕ್ಕೆ ಸೀಳಿ, ಬೇಕಾದ ಉದ್ದಕ್ಕೆ ಹಾಳೆ ಮಾಡುತ್ತಾರೆ. ಮುಂದಿನ ಕೋಣೆಯಲ್ಲಿ ದೊಡ್ಡ ಬ್ಲೇಡಿನ ಯಂತ್ರ. ಐನೂರು ಹಾಳೆಗೆ ಒಂದು ಕಟ್ಟು. ಕಟ್ಟಿನ ಅಂಚು ಸಮ ಮಾಡಿ, ಬ್ಲೇಡಿನ ಕೆಳಗಿಟ್ಟು, ಅಳತೆಗೆ ಕತ್ತರಿಸುವುದು ನನ್ನ ಕೆಲಸ. ಭಾವ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಬಂದವರ ಜೊತೆ ಮಾತಾಡುತ್ತಾರೆ. ಅವರ ಹೆಂಡತಿಯೇ ನನ್ನ ಓರಗಿತ್ತಿ. ನಾನು ಅಕ್ಕ ಅನ್ನುತ್ತೇನೆ. ಯಂತ್ರದ ಆ ಕಡೆ ನಿಲ್ಲುತ್ತಿದ್ದವಳು ಅವಳು.

ಹಳೆಯ ಯಂತ್ರಕ್ಕೆ ಇಬ್ಬರು ಬೇಕಿತ್ತು. ಈ ಕಡೆಯವಳು ಚಕ್ರ ತಿರುಗಿಸಿ ಕಟ್ಟನ್ನು ಒತ್ತಿ ಹಿಡಿದು, ಕಾಲಲ್ಲಿ ಪೆಡಲ್ ತುಳಿದರೆ ಬ್ಲೇಡು ಇಳಿಯುತ್ತದೆ. ಆ ಕಡೆಯವಳು ಹಿಂದಿನಿಂದ ಕಟ್ಟನ್ನು ತಟ್ಟಿ, ತಳ್ಳಿ, ಒಂದು ಹಾಳೆಯೂ ಮೂಗು ಹೊರಗೆ ಚಾಚದಂತೆ ನೋಡಿಕೊಳ್ಳಬೇಕು. ತೊಂದರೆ ಏನೆಂದರೆ ನನಗೆ ಅವಳ ಮುಖ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ನಡುವೆ ಕಬ್ಬಿಣ. ನಮ್ಮ ಮಾವನವರ ಎರಡು ಬೆರಳ ತುದಿ ಹೋದದ್ದು ಹಾಗೆಯೇ. ಅಂದಿನಿಂದ ಅತ್ತೆ ಒಂದು ಕಟ್ಟಳೆ ಮಾಡಿದರು. ತುಳಿಯುವವರು ಕೇಳಬೇಕು, ಆಚೆಯವರು ಹೇಳಬೇಕು, ಉತ್ತರ ಬಾರದೆ ಬ್ಲೇಡು ಇಳಿಯಬಾರದು. 'ಗಂಡ ಹೆಂಡ್ತಿ ಕಿತ್ತಾಡ್ಕೊಂಡು ಬನ್ನಿ, ಅಪ್ಪ ಮಗ ಮುಖ ನೋಡದೆ ಇರಿ, ನಂಗೇನೂ ಇಲ್ಲ. ಈ ಎರಡು ಮಾತು ಮಾತ್ರ ಆಡ್ಲೇಬೇಕು' ಅನ್ನುತ್ತಿದ್ದರು. ಅತ್ತೆ ಹೋಗಿ ಹತ್ತು ವರ್ಷವಾಯಿತು. ಕಟ್ಟಳೆ ಉಳಿಯಿತು.

ನಾನು ಈ ಮನೆಗೆ ಬಂದಾಗ ಕಾಗದಕ್ಕೂ ನಾರು ಇರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಮೊದಲ ವಾರವೇ ಅಕ್ಕ ನನ್ನ ಕೈಗೊಂದು ಹಾಳೆ ಕೊಟ್ಟು 'ಹರಿ' ಅಂದಳು. ಹರಿದೆ, ನೆಟ್ಟಗೆ ಹೋಯಿತು. 'ಈಗ ಅಡ್ಡಕ್ಕೆ ಹರಿ' ಅಂದಳು. ಅಂಕುಡೊಂಕಾಗಿ ಎಲ್ಲಿಗೋ ಹೋಯಿತು. 'ನಾರಿನ ಜೊತೆ ಹೋದ್ರೆ ಹೇಳಿದ ಮಾತು ಕೇಳತ್ತೆ, ಎದುರು ಹೋದ್ರೆ ಮೊಂಡು ಹಿಡಿಯತ್ತೆ. ಥೇಟ್ ನಿನ್ನ ಭಾವನ ಹಾಗೆ' ಅಂದಳು. ಭಾವ ಅಲ್ಲೇ ಮೂರು ಮಾರು ದೂರದಲ್ಲಿ ಕೂತಿದ್ದರು. ಮದುವೆಯಾಗಿ ಎಂಟು ದಿನದ ನಾನು ನಗಲೂ ಆಗದೆ ತಡೆಯಲೂ ಆಗದೆ ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದೆ. ನನಗೆ ಒಡಹುಟ್ಟಿದವರು ಯಾರೂ ಇರಲಿಲ್ಲ. ಅವತ್ತು ಒಬ್ಬಳು ಸಿಕ್ಕಳು ಅಂದುಕೊಂಡೆ.

ಮುಂದೆ ಎಲ್ಲವನ್ನೂ ಅವಳೇ ಕಲಿಸಿದಳು. ಕಟ್ಟನ್ನು ಬಗ್ಗಿಸಿ ಹಾಳೆಗಳ ನಡುವೆ ಗಾಳಿ ಆಡಿಸುವುದು, ಮೇಜಿಗೆ ಕುಟ್ಟಿ ಅಂಚು ಕೂಡಿಸುವುದು, ತುಂಡು ಕಾಗದಕ್ಕೆ ನೀರು ಸೋಕಿಸಿ ಅದು ಯಾವ ಕಡೆ ಸುರುಟುತ್ತದೆ ನೋಡಿ ನಾರಿನ ದಿಕ್ಕು ಹೇಳುವುದು. ಹದಿನಾರು ವರ್ಷ ನಾವಿಬ್ಬರೂ ಯಂತ್ರದ ಎರಡು ಕಡೆ ನಿಂತು ಬಾಯಿಗೆ ಬಿಡುವು ಕೊಡದೆ ಹರಟಿದೆವು. 'ಕೈ?' 'ತೆಗೆದೆ' ಆ ಹರಟೆಯ ನಡುವೆ ಎಲ್ಲೋ ನುಸುಳಿ ಹೋಗುತ್ತಿತ್ತು.

ಜಗಳ ಆದದ್ದು ಹಕ್ಕಿಗಳಿಂದ. ಮಕ್ಕಳು ಇಸ್ಪೀಟಿನ ಹಾಗೆ ಆಡುವ ಚಿತ್ರದ ಎಲೆಗಳು, ಒಂದು ಹಾಳೆಗೆ ಹನ್ನೆರಡು ಹಕ್ಕಿ, ಅಂಥ ನಾಲ್ಕು ಸಾವಿರ ಹಾಳೆ ಅಚ್ಚಾಗಿ ನಮ್ಮಲ್ಲಿಗೆ ಬಂದಿತ್ತು. ಅಚ್ಚಾದ ಹಾಳೆಗೆ ಒಂದು ಮೂಲೆ ಮುಖ್ಯ. ಅಚ್ಚಿನವರು ಯಾವ ಮೂಲೆಯನ್ನು ಆನಿಸಿ ಅಚ್ಚಿನ ಯಂತ್ರಕ್ಕೆ ಹಾಳೆ ಕೊಟ್ಟಿರುತ್ತಾರೋ ನಾವೂ ಅದೇ ಮೂಲೆ ಹಿಡಿದು ಅಳೆಯಬೇಕು. ಬೇರೆ ಮೂಲೆ ಹಿಡಿದರೆ ಎಲ್ಲ ಚಿತ್ರವೂ ಅರ್ಧ ಬೆರಳು ಜರುಗುತ್ತದೆ. ಅದಕ್ಕೇ ಅಕ್ಕ ಸರಿಯಾದ ಮೂಲೆಯ ಅಂಚಿಗೆ ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಿದ್ದಳು. ಪೆನ್ಸಿಲ್ ಸದಾ ಅವಳ ತುರುಬಿನಲ್ಲೇ ಇರುತ್ತಿತ್ತು. ಆ ಗೀಟು ನೋಡಿಕೊಂಡು ಪೆಡಲ್ ತುಳಿಯುವುದು ನನ್ನ ಪಾಲಿನ ಕೆಲಸ.

ಅವತ್ತು ಬೆಳಿಗ್ಗೆ ಭಾವ ಮೊದಲ ಸಲ ಮೀಸೆಗೆ ಬಣ್ಣ ಹಾಕಿಕೊಂಡು ಬಂದಿದ್ದರು. ತಲೆ ಬೆಳ್ಳಗೆ, ಮೀಸೆ ಕರ್ರಗೆ. 'ಮಲಗಿದ್ದಾಗ ಯಾರೋ ಬೂಟಿನ ಬ್ರಷ್ ಅಂಟಿಸಿ ಹೋಗಿದಾರೆ ಕಣೇ. ಎದ್ದ ಮೇಲೆ ಕೀಳೋಕೆ ನೋಡಿದೆ, ಬರ್ಲಿಲ್ಲ' ಅಂದಳು ಅಕ್ಕ. ನಮಗೆ ನಗು ಹತ್ತಿತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಲೇ ಕಟ್ಟು ತಿರುಗಿಸಿದೆವು, ನಗುತ್ತಲೇ 'ಕೈ?' ಅಂದೆ, ನಗುತ್ತಲೇ 'ತೆಗೆದೆ' ಅಂದಳು. ಊಟದ ಹೊತ್ತಿಗೆ ನಾಲ್ಕು ಸಾವಿರ ಹಾಳೆಯೂ ಮುಗಿದಿತ್ತು. ಆಮೇಲೆ ನೋಡಿದರೆ ಕೊಕ್ಕರೆಗೆ ಪಾದ ಇರಲಿಲ್ಲ. ಆ ಪಾದಗಳು ಗೂಬೆಯ ತಲೆಯ ಮೇಲೆ ನಿಂತಿದ್ದವು.

ಗುರುತೇ ಇರಲಿಲ್ಲ ಎಂದೆ ನಾನು. ಹಾಕಿದ್ದೆ, ನೀನೇ ನೋಡಿಲ್ಲ ಎಂದಳು ಅವಳು. ಸಾಕ್ಷಿ ಹುಡುಕೋಣ ಎಂದರೆ, ಗೀಟು ಇರುವುದು ಅಂಚಿನಲ್ಲಿ, ಮೊದಲು ಕತ್ತರಿಸಿ ಹೋಗುವುದೇ ಆ ಅಂಚು. ರದ್ದಿಯ ಚೀಲಗಳನ್ನು ಮಧ್ಯಾಹ್ನವೇ ಲಾರಿ ಒಯ್ದಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಹೇಳಿದರೆ ಒಪ್ಪುತ್ತೇನೆ, ಬೇರೆಯವರು ಹೇಳಿದರೆ ಒಪ್ಪುವುದಿಲ್ಲ. 'ನಿಂಗೆ ವಯಸ್ಸಾಯ್ತು, ಕಣ್ಣು ಮಂಜಾಗಿದೆ, ಮನೇಲಿ ಕೂತ್ಕೋ' ಅಂದುಬಿಟ್ಟೆ. ಅವಳು 'ನಿಂಗೆ ಕೆಲಸ ಕಲಿಸಿದ್ದೇ ನಾನು ಮಾಡಿದ ತಪ್ಪು' ಅಂದಳು. ಅದು ನನಗೆ ಚುಚ್ಚಿತು. ಮಾತು ಅಲ್ಲಿಗೆ ನಿಂತಿತು.

ನಿಜ ಹೇಳಬೇಕೆಂದರೆ ನಾನು ಮೂಲೆ ನೋಡಿರಲಿಲ್ಲ. ಅವತ್ತು ಸಂಜೆಯೇ ಅದು ನನಗೆ ಗೊತ್ತಾಗಿತ್ತು. ನಾನು ಭಾವನ ಮೀಸೆ ನೋಡುತ್ತಿದ್ದೆ. ಆದರೆ ಗೊತ್ತಾಗುವುದು ಬೇರೆ, ಹೋಗಿ ಒಪ್ಪಿಕೊಳ್ಳುವುದು ಬೇರೆ. ಇವತ್ತು ನಾಳೆ ಎಂದು ತಳ್ಳಿದೆ. ಒಂದು ತಿಂಗಳು ಕಳೆದ ಮೇಲೆ ಬಾಯಿಗೆ ಬೀಗ ಬಿದ್ದ ಹಾಗಾಯಿತು.

ಮನೆ ಒಂದೇ, ಅಂಗಡಿಯ ಮೇಲೆ. ಮೆಟ್ಟಿಲಿನ ಎಡಕ್ಕೆ ಅವರು, ಬಲಕ್ಕೆ ನಾವು. ನಲ್ಲಿಯಲ್ಲಿ ನೀರು ನಿಂತರೆ ಅವಳು ಭಾವನಿಗೆ ಹೇಳುವಳು, ಭಾವ ನಮ್ಮವರಿಗೆ ಹೇಳುವರು, ನಮ್ಮವರು ನನಗೆ ಹೇಳುವ ಹೊತ್ತಿಗೆ ನೀರು ಬಂದಿರುತ್ತಿತ್ತು. 'ಇಬ್ಬರ ನಡುವೆ ಓಡಾಡಿ ನನ್ನ ಚಪ್ಪಲಿ ಸವೆದು ಹೋಯ್ತು' ಎಂದು ನಮ್ಮವರು ಗೊಣಗುತ್ತಿದ್ದರು. ಆದರೂ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಕೆಳಗಿಳಿದು ಯಂತ್ರದ ಎರಡು ಕಡೆ ನಿಲ್ಲುತ್ತಿದ್ದೆವು. ಕೈ? ತೆಗೆದೆ.

ಆ ಒಂದೇ ಪದದಲ್ಲಿ ನಾನು ಅವಳ ಆರು ವರ್ಷವನ್ನು ಕೇಳಿಸಿಕೊಂಡೆ. ನೆಗಡಿ ಆದರೆ ಗೊತ್ತಾಗುತ್ತಿತ್ತು. ಭಾವನ ಮೇಲೆ ಮುನಿದಿದ್ದರೆ ಗೊತ್ತಾಗುತ್ತಿತ್ತು. ಅವಳ ಮಗಳು ಮದುವೆಯಾಗಿ ದೂರದ ಊರಿಗೆ ಹೋದ ಮರುದಿನ 'ತೆಗೆದೆ'ಯ ಕೊನೆಯ ಅಕ್ಷರ ಕೇಳಿಸಲೇ ಇಲ್ಲ. ನನ್ನ ಅಮ್ಮ ತೀರಿಕೊಂಡು ನಾನು ಕೆಲಸಕ್ಕೆ ಮರಳಿದ ದಿನ, ನಾನು ಕೈ ಅಂದಾಗ, ಅವಳು ಮೆಲ್ಲಗೆ, 'ತೆಗೆದೆ, ತೆಗೆದೆ' ಎಂದು ಎರಡು ಸಲ ಹೇಳಿದಳು. ಎರಡನೆಯದು ಬೇಕಿರಲಿಲ್ಲ. ಪೆಡಲ್ ತುಳಿದು ನಾನು ಅತ್ತುಬಿಟ್ಟೆ.

ಹೀಗಿರುವಾಗ ಭಾವ ಹೊಸ ಯಂತ್ರದ ಸುದ್ದಿ ತಂದರು. ಹಳೆಯದಕ್ಕೆ ಬಿಡಿಭಾಗ ಸಿಗುವುದಿಲ್ಲ, ಹೊಸದಕ್ಕೆ ಒಬ್ಬರೇ ಸಾಕು, ಅಳತೆಯ ಅಂಕಿ ಒತ್ತಿದರೆ ತಾನೇ ಸರಿಯುತ್ತದೆ ಎಂದರು. ಎಲ್ಲರೂ ತಲೆ ಆಡಿಸಿದರು, ನಾನೂ ಆಡಿಸಿದೆ. ಒಬ್ಬರೇ ಸಾಕು ಅನ್ನುವ ಮಾತು ಮನಸ್ಸಿಗೆ ಇಳಿದದ್ದು ಮಧ್ಯಾಹ್ನದ ಮೇಲೆ. ಒಬ್ಬರೇ ಸಾಕು ಎಂದ ಮೇಲೆ ಕೇಳುವುದು ಯಾರನ್ನು?

ಅಕ್ಕನೂ ಅದನ್ನೇ ಯೋಚಿಸಿರಬೇಕು. ಮೆಟ್ಟಿಲ ಮೇಲೆ ನಿಂತು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಭಾವನಿಗೆ ಹೇಳಿದಳು. 'ಯಂತ್ರ ಬಂದ್ಮೇಲೆ ನಂಗಿಲ್ಲಿ ಏನು ಕೆಲಸ? ಮಗಳು ಕರೀತಾನೇ ಇದಾಳೆ. ಅದು ಬಂದ ದಿನ ನೋಟುಪುಸ್ತಕದ ಹನ್ನೆರಡು ಕಟ್ಟು ಎಣಿಸಿಕೊಟ್ಟು, ಸಂಜೆ ಬಸ್ಸಿಗೆ ಹೋಗ್ತೀನಿ. ಅಲ್ಲೇ ಇದ್ದುಬಿಡ್ತೀನಿ.' ಭಾವ ಏನೋ ಅಂದರು. 'ಇಲ್ಲಿ ನನ್ನನ್ನ ಮಾತಾಡಿಸೋರು ಯಾರಿದಾರೆ?' ಅಂದಳು. ನಾನು ಬಾಗಿಲ ಹಿಂದೆ ಚಿಲಕ ಹಿಡಿದು ನಿಂತಿದ್ದೆ. ತೆಗೆಯಲಿಲ್ಲ.

ಹಳೆಯ ಯಂತ್ರದ ಕೊನೆಯ ದಿನ ನೂರ ಎಂಬತ್ತು ಸಲ ಕತ್ತರಿಸಿದೆವು. ಅವತ್ತು ಮಾತ್ರ ನಾನು ಲೆಕ್ಕ ಇಟ್ಟಿದ್ದೆ. ಕೊನೆಯದಕ್ಕೆ ಬೇರೆ ಏನಾದರೂ ಹೇಳಬೇಕು ಎಂದು ಬೆಳಿಗ್ಗೆಯಿಂದ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆದಾಗ ಬಂದದ್ದು 'ಕೈ?' ಅಷ್ಟೇ. 'ತೆಗೆದೆ' ಎಂದು ಅವಳು ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ಮೇಲೆ ಹೋದಳು. ನನ್ನ ಮೇಲೇ ನನಗೆ ಕೆಟ್ಟ ಕೋಪ ಬಂತು. ಊಟ ಸೇರಲಿಲ್ಲ.

ಎರಡು ದಿನ ಬಿಟ್ಟು ಹೊಸ ಯಂತ್ರ ಬಂತು. ಬೆಳ್ಳಗೆ, ಆಸ್ಪತ್ರೆಯ ಸಾಮಾನಿನ ಹಾಗೆ. ಜೋಡಿಸಲು ಬಂದ ಮೆಕ್ಯಾನಿಕ್ ಒಳ್ಳೆಯವನೇ, ಮಾತು ಮಾತ್ರ ಹೆಚ್ಚು. 'ನೋಡಿ ಅಮ್ಮ, ಎರಡು ಗುಂಡಿ. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದ್ರೇನೇ ಬ್ಲೇಡು ಇಳಿಯೋದು. ಮುಂದೆ ಬೆಳಕಿನ ಪರದೆ ಇದೆ, ಕೈ ಅಡ್ಡ ಬಂತೋ, ನಿಂತ್ಹೋಗತ್ತೆ. ಹಿಂದೆ ಪೂರ್ತಿ ಮುಚ್ಚಿದೆ. ಯಾರನ್ನೂ ಕೇಳೋದೂ ಬೇಡ, ಕಾಯೋದೂ ಬೇಡ' ಅಂದ. ಕಾಯದೇ ಇರುವುದು ದೊಡ್ಡ ವರ ಅನ್ನುವ ಹಾಗೆ ಹೇಳಿದ. ನನಗೆ ಅವನ ಮೇಲೂ ಸಿಟ್ಟು ಬಂತು, ಪಾಪ.

ಭಾವ ಕೆಳಗಿಳಿದು ಬಂದರು. ಹೊಸ ಯಂತ್ರದ ಗೌರವಕ್ಕೆ, ಆರು ವರ್ಷದ ಮೇಲೆ, ಮತ್ತೆ ಮೀಸೆಗೆ ಬಣ್ಣ. ಈ ಸಲ ಬಣ್ಣ ಮೇಲಿನ ತುಟಿಗೂ ಹತ್ತಿತ್ತು. ನನಗೆ ಒಳಗಿಂದ ನಗು ಉಕ್ಕಿ ಬಂದು, ಅಭ್ಯಾಸಬಲದಿಂದ ಅಕ್ಕ ನಿಲ್ಲುತ್ತಿದ್ದ ಕಡೆಗೆ ತಿರುಗಿದೆ. ಅಲ್ಲಿ ಬಿಳಿ ತಗಡು ಇತ್ತು. ಅವಳು ಕಿಟಕಿಯ ಪಕ್ಕ ಎಣಿಸುವ ಮೇಜಿನ ಮುಂದೆ, ಮುಖ ಕೆಳಗೆ ಹಾಕಿ ಕೂತಿದ್ದಳು. ಮೆಟ್ಟಿಲ ಬುಡದಲ್ಲಿ ಅವಳ ನೀಲಿ ಚೀಲ ಕಟ್ಟಿ ಸಿದ್ಧವಾಗಿತ್ತು. ನಗು ಹಾಗೇ ಒಳಗೆ ಹೋಯಿತು.

ಹಾಳೆ ಎಣಿಸುವುದರಲ್ಲಿ ಅಕ್ಕನ ಸಮ ಯಾರೂ ಇಲ್ಲ. ಕಟ್ಟಿನ ಮೂಲೆ ಬಗ್ಗಿಸಿ, ಬೀಸಣಿಗೆಯ ಹಾಗೆ ಬಿಡಿಸಿ, ಐದೈದಾಗಿ ಬೆರಳಲ್ಲಿ ಎಳೆಯುತ್ತಾಳೆ. ಐದು, ಹತ್ತು, ಹದಿನೈದು ಎಂದು ತುಟಿ ಮಾತ್ರ ಆಡುತ್ತಿರುತ್ತದೆ. ಬೇರೆಯವರು ನೂರಕ್ಕೊಂದು ಚೀಟಿ ಸಿಕ್ಕಿಸಿಕೊಳ್ಳುತ್ತಾರೆ, ನಡುವೆ ತಪ್ಪಿದರೆ ಅಲ್ಲಿಂದ ಹಿಡಿಯಬಹುದು. ಅಕ್ಕ ಚೀಟಿ ಇಡುವುದಿಲ್ಲ, ಅದು ಅವಳ ಜಂಬ. ಅದಕ್ಕೇ ಎಣಿಸುವಾಗ ಅವಳು ಮಾತಾಡುವುದೂ ಇಲ್ಲ. ಒಮ್ಮೆ ಹಿಂದಿನ ಕೋಣೆಯಲ್ಲಿ ಸುರುಳಿ ಉರುಳಿ ಗೋಡೆಗೆ ಬಡಿದು ಎಲ್ಲರೂ ಓಡಿದಾಗಲೂ ಐನೂರು ಮುಗಿಸಿಯೇ ಎದ್ದಿದ್ದಳು.

ನಾನು ಕತ್ತರಿಸತೊಡಗಿದೆ. ಯಂತ್ರ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಪ್ರತಿ ಸಲವೂ ನನ್ನ ಕಾಲು ಇಲ್ಲದ ಪೆಡಲ್ ಹುಡುಕುತ್ತಿತ್ತು, ಬಾಯಿ ತೆರೆದು ಮುಚ್ಚುತ್ತಿತ್ತು. ಗುಂಡಿ ಒತ್ತಿದರೆ ಬ್ಲೇಡು ಸದ್ದಿಲ್ಲದೆ ಇಳಿದು ಏರುತ್ತಿತ್ತು. ಒಂದೊಂದು ಕಟ್ಟು ಮುಗಿದಂತೆಯೂ ನಮ್ಮವರು ಅದನ್ನು ಎತ್ತಿ ಕಿಟಕಿಯ ಮೇಜಿಗೆ ಇಡುತ್ತಿದ್ದರು. ಊಟದ ಹೊತ್ತಿಗೆ ಏಳು ಮುಗಿಯಿತು. ಮೂರು ಗಂಟೆಗೆ ಹತ್ತು. ನಾನೇ ಕತ್ತರಿಸಿ ಕತ್ತರಿಸಿ ಅವಳನ್ನು ಬಸ್ಸಿಗೆ ಹತ್ತಿಸುತ್ತಿದ್ದೇನೆ ಎಂದು ಆಗ ಹೊಳೆಯಿತು.

ಅವಳು ಹನ್ನೊಂದನೆಯದನ್ನು ಎಣಿಸುತ್ತಿದ್ದಳು. ಹನ್ನೆರಡನೆಯದು ನನ್ನ ಬ್ಲೇಡಿನ ಕೆಳಗಿತ್ತು. ಎರಡೂ ಗುಂಡಿಯ ಮೇಲೆ ಕೈ ಇಟ್ಟೆ. ಒತ್ತಲು ಆಗಲಿಲ್ಲ.

'ಯಾಕಮ್ಮ? ಒತ್ತಿ' ಅಂದ ಮೆಕ್ಯಾನಿಕ್.

ನಾನು ಕಿಟಕಿಯ ಕಡೆ ನೋಡಿದೆ.

'ಏನು, ಮೊದಲ ದಿನಾನೇ ಕೆಡ್ತಾ?' ಅಂದರು ಭಾವ ಮೇಜಿನಿಂದ.

'ಕೆಟ್ಟಿಲ್ಲ. ಉತ್ತರ ಬಂದಿಲ್ಲ' ಅಂದೆ.

ಯಾರಿಗೂ ಅರ್ಥವಾಗಲಿಲ್ಲ. ಒಬ್ಬಳಿಗೆ ಆಯಿತು. ಅವಳ ಬೆರಳು ಒಂದು ಕ್ಷಣ ತಡೆದು ಮತ್ತೆ ಮುಂದುವರಿಯಿತು. ತುಟಿ ಆಡುತ್ತಲೇ ಇತ್ತು. ಮುನ್ನೂರ ಎಂಬತ್ತು, ಮುನ್ನೂರ ಎಂಬತ್ತೈದು. ಆರು ವರ್ಷದಿಂದ ಬಾಯಿಗೆ ಬಾರದ ಒಂದು ಪದವನ್ನು ಮುಂದೆ ಸೇರಿಸಿ, ಕೋಣೆಗೆಲ್ಲ ಕೇಳುವಂತೆ ಕೇಳಿದೆ.

'ಅಕ್ಕಾ, ಕೈ?'

ಹಿಂದಿನ ಕೋಣೆಯಲ್ಲಿ ನಮ್ಮವರ ಸುರುಳಿ ನಿಂತಿತು. ಎಣಿಸುವವಳು ಉತ್ತರ ಕೊಡುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಅಕ್ಕನ ತುಟಿ ಮುನ್ನೂರ ತೊಂಬತ್ತಕ್ಕೆ ಬಂದು ಅಲ್ಲೇ ನಿಂತಿತು. ಬೀಸಣಿಗೆಯಾಗಿದ್ದ ಹಾಳೆಗಳು ಅವಳ ಬೆರಳಿನಿಂದ ಜಾರಿ ಮತ್ತೆ ಒಂದೇ ಕಟ್ಟಾದವು. ಅವಳು ಎರಡೂ ಕೈಯನ್ನು ಮೇಜಿನಿಂದ ಮೇಲಕ್ಕೆತ್ತಿ, ನನಗೆ ಕಾಣುವ ಹಾಗೆ ಹಿಡಿದು ಹೇಳಿದಳು.

'ತೆಗೆದೆ.'

ಒತ್ತಿದೆ. ಬ್ಲೇಡು ಇಳಿಯಿತು, ಏರಿತು. ನಾನು ಯಂತ್ರ ಬಿಟ್ಟು ಹೋಗಿ ಅವಳ ಎದುರಿನ ಸ್ಟೂಲಿನ ಮೇಲೆ ಕೂತೆ.

'ಎಣಿಕೆ ಹೋಯ್ತು' ಅಂದಳು ಅಕ್ಕ. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

'ಹೋಗ್ಲಿ. ಅರ್ಧ ಇತ್ತ ಕೊಡು, ನಾನು ಎಣಿಸ್ತೀನಿ.'

'ನೀನು ಎಣಿಸಿದ್ದನ್ನ ನಾನು ಮತ್ತೆ ಎಣಿಸ್ಬೇಕು.'

'ಎಣಿಸು' ಅಂದೆ. ಆಮೇಲೆ, ಇನ್ನೂ ತಡ ಮಾಡಿದರೆ ಮತ್ತೆ ಆರು ವರ್ಷ ಹೋಗುತ್ತದೆ ಎಂದು ಹೆದರಿ, ಒಂದೇ ಉಸಿರಿಗೆ ಹೇಳಿದೆ. 'ಅವತ್ತು ನಾನು ಮೂಲೆ ನೋಡಿರ್ಲಿಲ್ಲ. ಹಕ್ಕಿ ಹಾಳೆದು. ನೋಡ್ದೇನೇ ತುಳಿದೆ.'

ಅಕ್ಕ ಕಟ್ಟಿನ ಅಂಚನ್ನು ಮೇಜಿಗೆ ಕುಟ್ಟಿ ಸಮ ಮಾಡಿದಳು. ಅದು ಮೊದಲೇ ಸಮವಾಗಿತ್ತು. ಆಮೇಲೆ ತುರುಬಿಗೆ ಕೈ ಹಾಕಿ ಪೆನ್ಸಿಲ್ ತೆಗೆದು ನಮ್ಮಿಬ್ಬರ ನಡುವೆ ಇಟ್ಟಳು.

'ನೋಡಿದ್ರೂ ಗುರುತು ಸಿಕ್ತಿರ್ಲಿಲ್ಲ' ಅಂದಳು. 'ಇದು ಅವತ್ತು ಇಡೀ ದಿನ ತುರುಬಲ್ಲೇ ಇತ್ತು. ನಾನು ತೆಗೆದೇ ಇರ್ಲಿಲ್ಲ. ಮಲಗೋಕೆ ಮುಂಚೆ ತಲೆ ಬಿಚ್ಚಿದಾಗ ನೆನಪಾಯ್ತು.'

ನನಗೆ ಸಿಟ್ಟು ಬರಬೇಕಿತ್ತು. ಸ್ವಲ್ಪ ಬಂತು ಕೂಡ. ಆದರೆ ಅಷ್ಟರಲ್ಲಿ ಕಣ್ಣು ತುಂಬಿ ಬಂದು, ಅವಳೂ ಪೆನ್ಸಿಲೂ ಒಟ್ಟಿಗೆ ಮಂಜಾದರು. 'ಹಾಗಾದ್ರೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?' ಅಂದೆ.

'ನಿನ್ನ ಬಾಯಿಗೆ ಹೆದರಿ' ಅಂದಳು. ಅವಳ ಕಣ್ಣಲ್ಲೂ ನೀರಿತ್ತು. 'ನೀನ್ಯಾಕೆ ಹೇಳ್ಲಿಲ್ಲ?'

'ನೀನು ಮುಖ ಊದಿಸ್ಕೊಂಡಿದ್ದೆಯಲ್ಲ.'

ನಾವಿಬ್ಬರೂ ಅಳುವುದನ್ನು ಕಂಡು ಭಾವ ಗಾಬರಿಯಿಂದ ಮೇಜು ಬಿಟ್ಟು ಎದ್ದು ಬಂದರು. 'ಏನಾಯ್ತು? ಯಾರಾದ್ರೂ ಕೈ ಕೊಯ್ಕೊಂಡ್ರಾ?' ಎಂದು ನಮ್ಮ ಮೇಲೆ ಬಗ್ಗಿದರು. ಮೀಸೆ ನಮ್ಮ ಕಣ್ಣೆದುರಿಗೇ ಬಂತು. ಕಿಟಕಿಯ ಬೆಳಕಿನಲ್ಲಿ ತುಟಿಯ ಮೇಲಿನ ಕಪ್ಪು ಇನ್ನೂ ಚೆನ್ನಾಗಿ ಕಂಡಿತು. ಅಕ್ಕ ಮೇಜಿನ ಕೆಳಗೆ ನನ್ನ ಮಂಡಿ ಹಿಸುಕಿದಳು.

'ಏನೂ ಇಲ್ಲ, ನೀವು ಹೋಗಿ' ಎಂದು ಅವರನ್ನು ಕಳಿಸಿ, ನನ್ನ ಕಡೆ ಬಾಗಿ, 'ನೋಡಿದ್ಯಾ?' ಅಂದಳು.

'ಬೆಳಿಗ್ಗೆಯಿಂದ ನೋಡ್ತಾನೇ ಇದೀನಿ' ಅಂದೆ. 'ಹೇಳೋಕೆ ಯಾರೂ ಇರ್ಲಿಲ್ಲ.'

ಅಷ್ಟು ಹೇಳಿದ್ದೇ ತಡ, ಅವಳಿಗೆ ನಗು ಬಂತು, ಅವಳನ್ನು ನೋಡಿ ನನಗೂ. ಅಕ್ಕ ಕಣ್ಣೊರೆಸಿಕೊಂಡು ಐದು, ಹತ್ತು ಎಂದು ಮೊದಲಿಂದ ಹಿಡಿದಳು. ಎಪ್ಪತ್ತಕ್ಕೆ ಮತ್ತೆ ನಗು ಬಂದು ಬಿಟ್ಟಳು. ನಮ್ಮವರು ಒಳಗಿಂದ ಬಂದು, ಏನೂ ಕೇಳದೆ, ಮೆಟ್ಟಿಲ ಬುಡದ ನೀಲಿ ಚೀಲವನ್ನು ಎತ್ತಿಕೊಂಡು ಮೇಲೆ ಹೋಗಿ ಎಡಗಡೆಯ ಬಾಗಿಲ ಒಳಗೆ ಇಟ್ಟು ಬಂದರು. ಸಂಜೆಯ ಬಸ್ಸು ಹೊರಟ ಹೊತ್ತಿಗೆ ನಾವಿಬ್ಬರೂ ಅದೇ ಹನ್ನೊಂದನೆಯ ಕಟ್ಟನ್ನು ನಾಲ್ಕನೇ ಸಲ ಎಣಿಸುತ್ತಿದ್ದೆವು.